ಗಾಯದ ಸುತ್ತ ಬಿಳಿ ಚೌಕ

ಧಡ್!

ಕಬ್ಬಿಣದ ಸಲಾಕೆ ನನ್ನ ಕಿವಿಯ ಪಕ್ಕದ ಗೋಡೆಗೆ ಬಡಿಯಿತು. ಎರಡು ಅಂಗುಲ ಈಚೆಗೆ ಬಿದ್ದಿದ್ದರೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ!

"ಸುಮ್ನೆ ಹೊರಟೋಗಿ ಸಾರ್... ಇನ್ನೊಂದ್ಸಲ ಗುರಿ ತಪ್ಪಲ್ಲ!"

ಅವನು ಔಷಧಿ ಗೋಡೌನಿನ ವಾಚ್‌ಮನ್. ಬೆಳಿಗ್ಗೆ ಅಲ್ಲಿ ಒಂದು ಪೆಟ್ಟಿಗೆ ಇಂಜೆಕ್ಷನ್ ಕಳುವಾಗಿತ್ತು. ಕಳ್ಳರು ತನ್ನ ತೋಳಿಗೆ ಬ್ಲೇಡ್ ಎಳೆದು ಓಡಿದರೆಂದು ಅವನ ಹೇಳಿಕೆ. ಪೊಲೀಸರಿಗಿಂತ ಮೊದಲೇ ಮಾಲೀಕ ನನ್ನನ್ನು ಕಳಿಸಿದ್ದ. ಪತ್ತೇದಾರಿಕೆ ನನ್ನ ಹೊಟ್ಟೆಪಾಡು.

ಬಂದವನೇ ಕಟ್ಟು ಬಿಚ್ಚಿಸಿ ನೋಡಿದ್ದೆ. ಗಾಯವೇನೋ ನಿಜ. ಆದರೆ ಅದರ ಸುತ್ತ ಒಂದು ಚೌಕ... ಬದು ಹಾಕಿದ ಹೊಲದಂತೆ ನೇರ ಅಂಚು. ಒಳಗಿನ ಚರ್ಮ ಸುಣ್ಣದಂತೆ ಬೆಳ್ಳಗೆ. ಬ್ಲೇಡಿನ ಗೀರು ಆ ಚೌಕವನ್ನು ಕೂದಲೆಳೆಯಷ್ಟೂ ದಾಟಿರಲಿಲ್ಲ!

"ಮರಗಟ್ಟಿಸೋ ಮುಲಾಮು ಹಚ್ಚಿ, ಮೇಲೆ ಪ್ಲಾಸ್ಟಿಕ್ ಅಂಟಿಸಿ, ಗಂಟೆಗಟ್ಟಲೆ ಕಾದು ಕೊಯ್ಕೊಂಡಿದ್ದೀಯ," ಎಂದೆ.

ಆಗಲೇ ಅವನು ಸಲಾಕೆ ಎತ್ತಿದ್ದು. ರ್ಯಾಕುಗಳ ನಡುವೆ ಓಡಿದೆ. ರಟ್ಟಿನ ಡಬ್ಬಗಳು ದಡದಡ ಉರುಳಿದವು... ಕೊನೆಗೆ ಈ ಗೋಡೆ.

"ನಿಮಗೆ ಹೇಗೆ ಗೊತ್ತಾಯ್ತು?" ಅವನು ಸಲಾಕೆ ಮತ್ತೆ ಎತ್ತಿದ.

"ಮೂರು ವರ್ಷ ನನ್ನ ಹೆಂಡತಿ ಕೈಗೆ ಇದೇ ಮುಲಾಮು ಹಚ್ಚಿದ್ದೀನಿ ಕಣಯ್ಯಾ. ಡಯಾಲಿಸಿಸ್‌ಗೆ ಮುಂಚೆ. ಸೂಜಿ ಚುಚ್ಚೋ ಜಾಗ ಹೀಗೇ ಬೆಳ್ಳಗಾಗ್ತಿತ್ತು."

ಸಲಾಕೆ ಗಾಳಿಯಲ್ಲೇ ನಿಂತಿತು.

"ಅಮ್ಮಾವ್ರು ಈಗ ಹೇಗಿದಾರೆ ಸಾರ್?"

"ಹೋದ್ಲು."

ಅವನು ಕುಸಿದು ಕೂತ.

"ನಮ್ಮೋಳಿಗೂ ಅದೇ ಕಾಯಿಲೆ. ರಕ್ತ ಹೆಚ್ಚಿಸೋ ಇಂಜೆಕ್ಷನ್ ತಪ್ಪಿ ಎರಡು ತಿಂಗಳಾಯ್ತು. ಎದ್ದು ನಿಂತ್ರೆ ಬೀಳ್ತಾಳೆ. ಇಲ್ಲಿ ನೋಡಿದ್ರೆ ರಾಶಿ ಬಿದ್ದಿದೆ..."

"ಮುಲಾಮು ಅವಳದೇನಾ?"

"ಟ್ಯೂಬಲ್ಲಿ ಒಂದ್ಸಲಕ್ಕಾಗೋಷ್ಟೇ ಉಳಿದಿತ್ತು."

"ಇವತ್ತು ಅವಳ ಡಯಾಲಿಸಿಸ್ ಸರದಿನಾ?"

"ಹನ್ನೊಂದಕ್ಕೆ... ಟ್ಯೂಬ್ ಕಾಣ್ತಿಲ್ಲ ಅಂತ ಬೆಳಿಗ್ಗೆ ಮನೆಯೆಲ್ಲಾ ತಡಕಾಡಿದ್ಲು. ನಾನೂ ಹುಡುಕಿದ ಹಾಗೆ ಮಾಡ್ದೆ. 'ಇರ್ಲಿ ಬಿಡ್ರೀ, ಹಲ್ಲು ಕಚ್ಕೋತೀನಿ' ಅಂದ್ಲು ಸಾರ್..."

ಇಬ್ಬರೂ ಗಡಿಯಾರ ನೋಡಿದೆವು. ಹನ್ನೊಂದು ಹತ್ತು.

ನನ್ನ ಫೋನ್ ಬಡಿದುಕೊಂಡಿತು. ಮಾಲೀಕ.

"ಏನಾದ್ರೂ ಸಿಕ್ತಾ?"

"ಏನಿಲ್ಲ. ಹೊರಗಿನೋರ ಕೆಲಸ."

ಗಾಯಕ್ಕೆ ನಾನೇ ಮತ್ತೆ ಕಟ್ಟು ಕಟ್ಟಿದೆ.

"ಈಗಲೇ ಬಿಚ್ಚಬೇಡ. ಬಿಳುಪು ಇಳಿದು ಕೆಂಪಗಾಗ್ಲಿ. ನೋವೂ ಆಗಲೇ ಬರೋದು."

"ಬರ್ಲಿ."

ಪೊಲೀಸರು ಬಂದಾಗ ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಗಾಯದ ನೋವು... ಎಂದು ಬರೆದುಕೊಂಡರು!