ಅಂಕಮ್ಮನ ಬೇನೆ

“ಎದ್ದೋಗು ಅನ್ನಿ, ನಾಳೆ ಬಾ ಅನ್ನಿ, ಬೇಕಾದ್ರೆ ಬಣ್ಣದ ನೀರು ಕೊಟ್ಟು ಕಳ್ಸಿ. ಆದ್ರೆ ಸಾಮಿ, ಆ ಯಮ್ಮನ ಕೈ ಹಿಡ್ಕಂಡು ‘ನಿಂಗೇನೂ ಇಲ್ಲ’ ಅಂತ ಮಾತ್ರ ಅನ್ನಬ್ಯಾಡಿ.”

ಕಾಂಪೌಂಡರ್ ಮಕ್ಬೂಲ್ ಇದನ್ನು ಕಿವಿಯ ಹತ್ತಿರ ಬಂದು, ಬಾಗಿಲ ಕಡೆ ಒಂದು ಕಣ್ಣಿಟ್ಟು ಹೇಳಿದ. ಡಾಕ್ಟರ್ ನಂಜುಂಡಯ್ಯ ನಕ್ಕುಬಿಟ್ಟ. ಚನ್ನಪಟ್ಟಣದ ಹೊರವಲಯದ ಆ ಸಣ್ಣ ದವಾಖಾನೆಗೆ ಅವನು ವರ್ಗವಾಗಿ ಬಂದು ಇನ್ನೂ ಒಂಬತ್ತೇ ದಿನವಾಗಿತ್ತು. ಹಿಂದಿನ ವರ್ಷ ಇನ್‌ಫ್ಲುಯೆಂಜಾ ಜ್ವರದಲ್ಲಿ ಹೆಣಗಳನ್ನು ಗಾಡಿಯ ಮೇಲೆ ಪೇರಿಸಿ ಸಾಗಿಸಿದ್ದನ್ನು ಕಣ್ಣಾರೆ ಕಂಡವನು. ಅದನ್ನು ಕಂಡ ಮೇಲೆ ಸೊಂಟನೋವು, ಕಾಲುಸೆಳೆತ, ಹೊಟ್ಟೆಸಂಕಟ ಎಂದು ವರ್ಷಗಟ್ಟಲೆ ಅಲೆಯುವವರೆಲ್ಲ ಅವನಿಗೆ ನಾಟಕದವರಾಗಿಯೇ ಕಾಣುತ್ತಿದ್ದರು. ಎರಡು ನಿಮಿಷಕ್ಕೆ ಒಬ್ಬ ರೋಗಿಯನ್ನು ನೋಡಿ ಮುಗಿಸುತ್ತೇನೆ ಎಂಬುದು ಅವನ ಜಂಭ.

ಜಂಭದ ಜೊತೆಗೆ ಅನುಮಾನ. ತಾ ಕಳ್ಳ ಪರರ ನಂಬ ಎನ್ನುತ್ತಾರೆ. ಇವನು ಕಳ್ಳನಲ್ಲ, ಆದರೂ ಯಾರನ್ನೂ ನಂಬುವ ಪೈಕಿಯಲ್ಲ. ಬಂದ ದಿನವೇ ಔಷಧದ ಬೀರುವಿಗೆ ಹೊಸ ಬೀಗ ಹಾಕಿಸಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದ. ಈಗ ಕಾಂಪೌಂಡರು ಒಬ್ಬ ಹಳ್ಳಿಯ ಮುದುಕಿಯನ್ನು ತನ್ನ ಹತ್ತಿರ ಬಿಡದೆ ಕಿಟಕಿಯಲ್ಲೇ ಔಷಧಿ ಕೊಟ್ಟು ಸಾಗಹಾಕುತ್ತಾನೆ ಎಂದರೆ, ಇದರಲ್ಲೇನೋ ಒಳಗುಟ್ಟಿದೆ ಎಂದು ಅವನಿಗೆ ಗಟ್ಟಿಯಾಯಿತು.

“ಒಳಗೆ ಕಳಿಸು ಅವಳನ್ನ,” ಎಂದ.

ಬೈರಾಪಟ್ಟಣದ ಅಂಕಮ್ಮ ಗೋಡೆ ಹಿಡಿದು ಬಂದಳು. ಒಂದು ಕಾಲದಲ್ಲಿ ಸುತ್ತಲ ಏಳೂರಿಗೆ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿ ಅವಳು. ಈಗ ಬೆನ್ನು ಬಿಲ್ಲಾಗಿತ್ತು. ಹೊರಗೆ ಮಧ್ಯಾಹ್ನದ ಬಿಸಿಲು ಸುರಿಯುತ್ತಿತ್ತು. ಬೀದಿಯ ಆಚೆ ಗೊಂಬೆ ಕಡೆಯುವವರ ಮನೆಯಿಂದ ಬಿಸಿ ಅರಗಿನ ವಾಸನೆ ಬರುತ್ತಿತ್ತು.

“ಹನ್ನೆರಡು ವರ್ಸ ಆಯ್ತು ಬುದ್ಧಿ,” ಎಂದಳು. “ನಿತ್ಯ ಬತ್ತದೆ. ತಡೆಯಕಾಗಕಿಲ್ಲ. ಒಸಿ ನೋವು ತಗ್ಗೋ ಅಂಗೆ ಏನಾರ ಕೊಡಿ.”

ನಂಜುಂಡಯ್ಯ ನಾಲಿಗೆ ನೋಡಿದ. ಕಣ್ಣಿನ ರೆಪ್ಪೆ ಎಳೆದು ಬಿಟ್ಟ. ಹೊಟ್ಟೆಯನ್ನು ಎರಡು ಕಡೆ ಒತ್ತಿದ. ಯಾವಾಗ ಶುರುವಾಯಿತು ಎಂದು ಕೇಳಲಿಲ್ಲ. ಯಾವ ಹೊತ್ತಿಗೆ ಬರುತ್ತದೆ, ಹೇಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಕೇಳಲಿಲ್ಲ. ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವಳ ಮಣಿಕಟ್ಟು ಹಿಡಿದು, ಬಾಗಿಲಲ್ಲಿ ನಿಂತಿದ್ದ ಮಕ್ಬೂಲನಿಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದ: “ನಿನಗೇನೂ ಇಲ್ಲ!”

ಬೆರಳ ಕೆಳಗೆ ನಾಡಿ ನಿಂತಿತು. ಒಂದು ಎಣಿಕೆ. ಎರಡು. ಮೂರು. ಆಮೇಲೆ ಅಲ್ಲೇನೋ ಮಗ್ಗುಲು ಬದಲಿಸಿತು. ಅರಗಿನ ವಾಸನೆ ಅಡಗಿ, ಬಿಸಿ ಹರಳೆಣ್ಣೆಯ ವಾಸನೆ ಬಂತು. ಬೇವಿನ ಹೊಗೆ ಬಂತು. ಹಸಿ ರಕ್ತದ ವಾಸನೆ ಬಂತು. ಅಂಕಮ್ಮ ಎದ್ದಳು. ನೆಟ್ಟಗೆ, ಹದಿನೆಂಟರ ಹುಡುಗಿಯ ಹಾಗೆ ನಿಂತಳು. ಅವಳ ಕಣ್ಣಲ್ಲಿ ನೀರು ಧಾರಾಕಾರ.

“ಯಾಕಂದ್ರಿ ಬುದ್ಧಿ?” ಎಂದಳು. “ಆವಪ್ಪ ಯೋಳ್ಲಿಲ್ವಾ ನಿಮಗೆ?”

ಮಕ್ಬೂಲ್ ತಲೆಯ ಮೇಲೆ ಕೈಹೊತ್ತು ಕುಸಿದು ಕೂತ.

ಮಾರನೆಯ ದಿನ ಮೂರು ಗಂಟೆಗೆ ನಂಜುಂಡಯ್ಯನಿಗೆ ಸೊಂಟದಲ್ಲಿ ಸಣ್ಣಗೆ ಎಳೆತ ಶುರುವಾಯಿತು. ಬೆನ್ನ ಕೆಳಗಿಂದ ಎದ್ದು, ಸುತ್ತಿ, ಹೊಕ್ಕುಳ ಕೆಳಗೆ ಬಿಗಿಯಿತು. ಸಡಿಲವಾಯಿತು. ಏನೂ ಆಗಿಲ್ಲವೆಂಬಂತೆ ಹೋಯಿತು. ಕಾಲು ಗಂಟೆಯ ಮೇಲೆ ಮತ್ತೆ ಬಂತು. ಆರು ಗಂಟೆಯ ಹೊತ್ತಿಗೆ ಮೇಜಿನ ಅಂಚು ಕಚ್ಚಿ ಕೂಗನ್ನು ನುಂಗಿಕೊಳ್ಳುವಂತಾಗಿತ್ತು. ಆಮೇಲೆ ನಿಂತೇ ಹೋಯಿತು. ಹೊಟ್ಟೆ ಮುಟ್ಟಿದರೆ ಮೆತ್ತಗೆ, ಮೈಯಲ್ಲಿ ಜ್ವರವಿಲ್ಲ, ನಾಲಿಗೆ ಶುಭ್ರ.

ನಿತ್ಯವೂ ಹೀಗೇ. ಅವನು ಮಾಟ ಎಂದುಕೊಳ್ಳಲಿಲ್ಲ, ವಿಷ ಎಂದುಕೊಂಡ. ಮಕ್ಬೂಲ್ ತರುತ್ತಿದ್ದ ಕಾಫಿ ಬಿಟ್ಟ. ದವಾಖಾನೆಯ ಬಾವಿಯ ನೀರು ಬಿಟ್ಟ. ಹೆಂಡತಿ ನಾಗಲಕ್ಷ್ಮಮ್ಮ ಕಟ್ಟಿಕೊಟ್ಟ ಬುತ್ತಿಗೆ ದಾರ ಸುತ್ತಿ ಅರಗಿನ ಮುದ್ರೆ ಒತ್ತಿ ತರುತ್ತಿದ್ದ. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಿಲ್ಲದ ಆಕೆ, ಗಂಡನಿಗೆ ಇದೇನು ಹೊಸ ಹುಚ್ಚು ಎಂದು ಬೆರಗಾಗಿ ನೋಡುತ್ತಿದ್ದಳು. ಕೊನೆಗೆ ತನ್ನ ಕೂದಲು, ಉಗುರು, ಮೂತ್ರವನ್ನು ಸೀಸೆಗಳಲ್ಲಿ ತುಂಬಿ ರೈಲಿನಲ್ಲಿ ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದ. ವಿಷದ ಸುಳಿವಿಲ್ಲ ಎಂದು ಕಾಗದ ಬಂತು. ಆ ಕಾಗದದ ಮೇಲೂ ಅವನಿಗೆ ಅನುಮಾನ.

ಅಂಕಮ್ಮನಿಗೆ ಕೇಳದಿದ್ದ ಪ್ರಶ್ನೆಗಳನ್ನೆಲ್ಲ ಈಗ ತನಗೆ ತಾನೇ ಕೇಳಿಕೊಂಡ. ನೋವು ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ಇತ್ತು, ಎರಡು ನೋವಿನ ನಡುವೆ ಎಷ್ಟು ಬಿಡುವು ಎಂದು ಗಡಿಯಾರ ಮುಂದಿಟ್ಟುಕೊಂಡು ಬರೆದ. ಹದಿನಾರನೆಯ ದಿನ ಅದನ್ನೆಲ್ಲ ಒಟ್ಟಿಗೆ ಹರಡಿ ನೋಡಿದ. ಬಿಡುವು ಹದಿನೈದು ನಿಮಿಷ, ಹತ್ತು, ಆರು, ಮೂರು. ಇಂಥ ಏರಿಕೆಯನ್ನು ಅವನು ಹೆರಿಗೆ ವಾರ್ಡಿನಲ್ಲಿ ನೂರು ಸಲ ನೋಡಿದ್ದ.

ಬೆಳಗಾಗುತ್ತಲೇ ಜಟಕಾ ಹಿಡಿದು ಬೈರಾಪಟ್ಟಣಕ್ಕೆ ಹೋದ. ಅಂಕಮ್ಮ ರಾಗಿ ಬೀಸುತ್ತಿದ್ದಳು. ಅವನನ್ನು ಕಂಡು ಬೀಸುವುದನ್ನು ನಿಲ್ಲಿಸಿದಳು.

“ಏನು ಹಾಕಿದೆ ನನಗೆ?” ಎಂದು ಗುಡುಗಿದ. “ನೀನೂ ಆ ಮಕ್ಬೂಲನೂ ಸೇರಿ ಏನು ಮಾಡಿದಿರಿ?”

“ನಾವೇನೂ ಮಾಡ್ಲಿಲ್ಲ. ನಾನು ಮಾಡಿದ್ದು ಹನ್ನೆರಡು ವರ್ಸದ ಹಿಂದೆ.” ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. “ಗಂಗಲಕ್ಷ್ಮಮ್ಮ ಅಂತ ಒಬ್ಬಳು ಹುಡುಗಿ. ಚೊಚ್ಚಲು. ಮೂರು ದಿನ ಕೂಗ್ಕಂಡ್ಲು, ಒಳಗೇನೋ ಸರಿ ಇಲ್ಲ ಒಸಿ ನೋಡವ್ವ ಅಂತ. ನನಗೆ ಜಂಬ. ನೂರು ಹೆರಿಗೆ ಮಾಡ್ಸಿದ್ನಲ್ಲ. ಮುಟ್ಟಿ ನೋಡ್ಲಿಲ್ಲ. ಕೈ ಹಿಡ್ಕಂಡು, ನಿಂಗೇನೂ ಇಲ್ಲ ಸುಮ್ಕಿರು ಅಂದ್ಬುಟ್ಟೆ. ಕೂಸು ಅಡ್ಡ ತಿರುಗಿತ್ತು ಬುದ್ಧಿ. ಇಬ್ರೂ ಹೋದ್ರು.”

“ಆಮೇಲೆ?”

“ಅವಳವ್ವ ಕನಕಪುರದ ಕಡೆ ಒಬ್ಬನ ಕೈಲಿ ಮಾಟ ಮಾಡಿಸಿದ್ಲು. ನನ್ನ ಹೊಸಲಡೀಲಿ ಒಂದು ಮರದ ಗೊಂಬೆ ಹೂತಿದ್ರು. ಮಕ ಇಲ್ಲ ಅದಕ್ಕೆ. ಬರೀ ಹೊಟ್ಟೆ. ಕಿತ್ತು ಸುಟ್ಟಾಕ್ದೆ. ಗೊಂಬೆ ಸುಟ್ಟೋಯ್ತು, ಬೇನೆ ಸುಡಲಿಲ್ಲ. ಯಾರಾರ ನನ್ನ ಕೈ ಹಿಡ್ದು ಏನೂ ಇಲ್ಲ ಅಂದ್ರೆ ಅವರಿಗೆ ದಾಟ್ಕತದೆ. ಅಂಗೇ ಕಟ್ಟಿದ್ದು ಅದನ್ನ. ಊರಿಗೆಲ್ಲ ಗೊತ್ತು. ನಮ್ಮೂರ ಮಕ್ಕಳೂ ನನ್ನ ಮುಂದೆ ಆ ಮಾತು ಆಡಕಿಲ್ಲ.”

“ಹಾಗಾದರೆ ದಾಟಿಸೋಕೇ ಬಂದೆ ನನ್ನ ಹತ್ತಿರ!”

ಅಂಕಮ್ಮ ತಲೆಯೆತ್ತಿದಳು. “ದಾಟಿಸಬೇಕು ಅಂದಿದ್ರೆ ಪರವೂರಿನ ಯಾವನ ಕೈಗಾದ್ರೂ ಕೈ ಕೊಟ್ಟು ಹನ್ನೆರಡು ವರ್ಸದ ಹಿಂದೇನೇ ದಾಟಿಸ್ತಿದ್ದೆ. ನಾನು ಮಾಡಿದ್ದು ನಾನು ಉಣ್ತೀನಿ ಅಂತ ಕೂತಿದ್ದೆ. ನಿಮ್ಮತ್ರ ಬಂದಿದ್ದು ಔಸದಿಗೆ.”

ನಂಜುಂಡಯ್ಯ ದವಾಖಾನೆಗೆ ವಾಪಸು ಬಂದ. ಬಂದವನೇ ಮಕ್ಬೂಲನ ಮುಂದೆ ಕೈ ಚಾಚಿದ. “ಹಿಡಿದುಕೋ. ನನಗೇನೂ ಇಲ್ಲ ಅನ್ನು.” ಮಕ್ಬೂಲ್ ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಐತೆ ಸಾಮಿ,” ಎಂದ. “ನಿಮಗೆ ಬಾಳ ಐತೆ.”

ನಂಜುಂಡಯ್ಯ ರಜೆ ಹಾಕಿ ಬೆಂಗಳೂರಿನ ರೈಲು ಹತ್ತಿದ. ಅವನ ಲೆಕ್ಕಾಚಾರ ಸುಲಭವಾಗಿತ್ತು. ಡಾಕ್ಟರುಗಳು ಎಂಥವರೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಣ್ಣಿಗೆ ಕಾಣದ ನೋವು ಹೇಳಿಕೊಂಡರೆ ಎರಡು ನಿಮಿಷದಲ್ಲಿ ಏನೂ ಇಲ್ಲ ಎಂದು ಅಟ್ಟುತ್ತಾರೆ. ಅಷ್ಟಾದರೆ ಸಾಕು. ಅಟ್ಟಿದವನ ಗತಿಯೇನು ಎಂದು ಕ್ಲೋಸ್‌ಪೇಟೆ ಸ್ಟೇಷನ್ ದಾಟುವಾಗ ಒಮ್ಮೆ ಮನಸ್ಸು ಚುಚ್ಚಿತು. ಬಿಡದಿ ಬರುವಷ್ಟರಲ್ಲಿ ಚುಚ್ಚುವುದು ನಿಂತಿತು.

ಆದರೆ ಅವನು ಒಂದು ಮರೆತಿದ್ದ. ಎರಡು ನಿಮಿಷದಲ್ಲಿ ಅಟ್ಟುವುದು ಅಂಕಮ್ಮನಂಥವರನ್ನು. ಕೋಟು ತೊಟ್ಟ ಡಾಕ್ಟರನ್ನಲ್ಲ. ದೊಡ್ಡಾಸ್ಪತ್ರೆಯಲ್ಲಿ ಅವನಿಗೆ ಕುರ್ಚಿ ಹಾಕಿದರು. ಬೇರೆ ಕೋಣೆ ಕೊಟ್ಟರು. ಹನ್ನೊಂದು ದಿನ ರಕ್ತ ನೋಡಿದರು, ಮಲಮೂತ್ರ ನೋಡಿದರು, ಬೆನ್ನುಮೂಳೆಯನ್ನು ಒಂದೊಂದಾಗಿ ತಟ್ಟಿದರು. ನರೆತ ಗಡ್ಡದ ದೊಡ್ಡ ಡಾಕ್ಟರು ಎರಡು ಮಧ್ಯಾಹ್ನ ಪಕ್ಕದಲ್ಲೇ ಕೂತು, ಮೂರರಿಂದ ಆರರವರೆಗೆ ನೋವು ಏರುವುದನ್ನು ನೋಡಿ ಬರೆದುಕೊಂಡರು. ಕೊನೆಯ ದಿನ ಅವನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ನಂಜುಂಡಯ್ಯ ಉಸಿರು ಬಿಗಿಹಿಡಿದ.

“ಕಾರಣ ನನಗಿನ್ನೂ ಸಿಕ್ಕಿಲ್ಲ,” ಎಂದರು. “ಆದರೆ ಏನೋ ಇದೆ. ನೀವು ಹೇಳೋದನ್ನ ನಾನು ನಂಬುತ್ತೇನೆ.”

ಎಷ್ಟು ಜನ ಬಡವರು ಇಂಥ ಮಾತಿಗಾಗಿ ಊರೂರು ಅಲೆದು, ಕೇಳದೆಯೇ ಸತ್ತಿದ್ದಾರೋ! ಅದನ್ನು ಕೇಳಿದ ನಂಜುಂಡಯ್ಯ ಮಾತ್ರ ಮುಖ ಮುಚ್ಚಿಕೊಂಡು ಅತ್ತ. “ಏನೂ ಇಲ್ಲ ಅಂತ ಹೇಳಿ, ದಮ್ಮಯ್ಯ,” ಎಂದು ಬೇಡಿಕೊಂಡ. ದೊಡ್ಡ ಡಾಕ್ಟರು ಅವನ ಭುಜ ತಟ್ಟಿ, ಧೈರ್ಯ ತಂದುಕೊಳ್ಳಿ, ಮುಂದಿನ ತಿಂಗಳು ಮತ್ತೆ ನೋಡೋಣ ಎಂದರು.

ಮನೆಗೆ ಬಂದ ದಿನವೂ ಗಡಿಯಾರ ಮೂರು ಹೊಡೆಯಿತು. ನಡುಮನೆಯ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಮಲಗಿದ. ಹೊರಗೆ ಉರಿಬಿಸಿಲು, ಒಳಗೆ ಕಗ್ಗತ್ತಲು. ಹರಳೆಣ್ಣೆಯ ವಾಸನೆ. ಬೇವಿನ ಹೊಗೆ. ಕತ್ತಲಲ್ಲಿ ಯಾರೋ ಉಸಿರಾಡುತ್ತಿದ್ದರು. ಹೆಣ್ಣುಸಿರು. ಅವನು ಉಸಿರೆಳೆದರೆ ಅದೂ ಎಳೆಯಿತು. ಅವನು ನರಳಿದರೆ ಅದೂ ನರಳಿತು. ಬೇನೆ ಏರಿತು. ಇಳಿಯಿತು. ಏರಿತು. ಇಳಿಯಲಿಲ್ಲ. ಬೆನ್ನು ಸೀಳುತ್ತಿತ್ತು. ಹೊರಗೆ ಬರಬೇಕಾದ್ದು ಏನೋ ಅಡ್ಡ ನಿಂತಿತ್ತು. “ನೋಡವ್ವ,” ಎಂದಿತು ಕಿವಿಯ ಪಕ್ಕದ ಉಸಿರು. “ಒಸಿ ಮುಟ್ಟಿ ನೋಡವ್ವ.” ಅವನು ಚೀರಿದ.

ಬಾಗಿಲು ತೆರೆಯಿತು. ನಾಗಲಕ್ಷ್ಮಮ್ಮ ಓಡಿ ಬಂದು ಹಾಸಿಗೆಯ ಅಂಚಿಗೆ ಕೂತಳು. ಮಾಟದ ಮಾತನ್ನು ಅವನು ಅವಳಿಗೆ ಹೇಳಿರಲಿಲ್ಲ. ಅವಳು ಸೆರಗಿನಿಂದ ಅವನ ಬೆವರು ಒರೆಸಿದಳು. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

“ನಿಮಗೇ—”

ಗೊತ್ತಾಯಿತು ಅವನಿಗೆ. ಮುಂದಿನ ಮಾತು ಯಾವುದೆಂದು ಗೊತ್ತಾಯಿತು. ಕೈ ಕಿತ್ತುಕೊಳ್ಳಲು ಸಮಯವಿತ್ತು. ಬಾಯಿ ಮುಚ್ಚಿಸಲು ಸಮಯವಿತ್ತು. ಅವನು ಕೈ ಕಿತ್ತುಕೊಳ್ಳಲಿಲ್ಲ.

“—ನೂ ಇಲ್ಲ ಕಣ್ರೀ, ಹೆದರಬೇಡಿ, ನಾನಿದೀನಿ.”

ಬೇನೆ ನಿಂತಿತು. ಹೊಗೆ ಕರಗಿತು. ಮೈ ಹೂವಿನಂತೆ ಹಗುರವಾಯಿತು. ನಾಗಲಕ್ಷ್ಮಮ್ಮ ತುಸು ಹುಬ್ಬು ಗಂಟಿಕ್ಕಿ, ಒಂದು ಕೈಯನ್ನು ಮೆಲ್ಲನೆ ತನ್ನ ಸೊಂಟಕ್ಕೆ ಒಯ್ದಳು.

ಈಗ ಇದಾಗಿ ಏಳು ವರ್ಷ. ನಂಜುಂಡಯ್ಯನ ಹೆಸರು ಮಾಗಡಿ, ಕನಕಪುರದವರೆಗೂ ಹಬ್ಬಿದೆ. ಎಂಥ ಬಡವ ಬಂದರೂ ಅರ್ಧ ಗಂಟೆ ಕೂರಿಸಿಕೊಂಡು ಕೇಳುತ್ತಾನೆ, ಹತ್ತು ಕಡೆ ಮುಟ್ಟಿ ನೋಡುತ್ತಾನೆ, ಏನೂ ಇಲ್ಲ ಎಂದು ಯಾರನ್ನೂ ಹಿಂದಕ್ಕೆ ಕಳಿಸುವುದಿಲ್ಲ. ದೇವರಂಥ ಡಾಕ್ಟರು ಎಂದು ಜನ ಕೈಮುಗಿಯುತ್ತಾರೆ. ಮಕ್ಬೂಲ್ ಮಾತ್ರ ಔಷಧಿ ಕಲಸುತ್ತ ತಲೆ ತಗ್ಗಿಸಿಕೊಂಡೇ ಇರುತ್ತಾನೆ.

ನಾಗಲಕ್ಷ್ಮಮ್ಮನನ್ನು ಅವನು ಬೆಂಗಳೂರಿಗೂ ಮೈಸೂರಿಗೂ ಕರೆದೊಯ್ದ. ಡಾಕ್ಟರ ಹೆಂಡತಿ ಎಂದು ಎಲ್ಲ ಕಡೆಯೂ ಮರ್ಯಾದೆಯಿಂದ ನೋಡಿದರು, ಏನೋ ಇದೆ ಎಂದರು. ನೆಂಟರು ದೃಷ್ಟಿ ಎಂದರು, ಗ್ರಹಚಾರ ಎಂದರು; ಅವರೂ ಏನೋ ಇದೆ ಎಂದೇ ಅಂದರು. ಮಗುವಿಗಾಗಿ ಕಂಡಕಂಡ ದೇವರಿಗೆ ಹರಕೆ ಹೊತ್ತವಳು ದಿನವೂ ಹೆರುವ ನೋವು ತಿಂದು, ಸಂಜೆ ಬರಿಗೈಯಲ್ಲಿ ಏಳುತ್ತಾಳೆ.

ಮೊನ್ನೆ ಅವಳು ಕೂದಲೆಲ್ಲ ಬೆವರಲ್ಲಿ ತೊಯ್ದು ಮಲಗಿದ್ದಾಗ ಅವನತ್ತ ಮಣಿಕಟ್ಟು ಚಾಚಿದಳು.

“ನಿಮ್ಮಷ್ಟು ಚೆನ್ನಾಗಿ ಯಾರು ನೋಡ್ತಾರೆ ಹೇಳಿ,” ಎಂದಳು. “ಏನೂ ಇಲ್ಲ ಅಂತ ಒಂದು ಸಲ ನಿಮ್ಮ ಬಾಯಲ್ಲಿ ಹೇಳಿಬಿಡಿ. ಸುಳ್ಳಾದರೂ ಸರಿ, ನನಗೆ ಧೈರ್ಯ ಬರುತ್ತೆ.”

ನಂಜುಂಡಯ್ಯ ಅವಳ ಕೈ ಹಿಡಿದ. ನಾಡಿಯ ಮೇಲೆ ಬೆರಳಿಟ್ಟ. ಬಾಯಿ ತೆರೆದ.

“ಏನೋ ಇದೆ ನಾಗೂ,” ಎಂದ. “ಇನ್ನೊಂದು ಪರೀಕ್ಷೆ ಮಾಡಿಸೋಣ.”