ಅಳೋದು ಆಮೇಲೆ

“ಅಳೋದು ಆಮೇಲೆ! ಈಗ ಎದೆ ಒತ್ತಿ!”

ನೆಲದ ಮೇಲಿಟ್ಟ ಫೋನಿನಿಂದ ತುರ್ತು ಸೇವೆಯವನ ದನಿ ಗದರಿತು. ಅವಳು ಅಪ್ಪನ ಪಕ್ಕ ಮಂಡಿಯೂರಿದ್ದಳು. ಗಿರಾಕಿಯ ಹೊಸ ಕೋಟಿನ ಭುಜ ಸರಿಯಾಗಿದೆಯೇ ಎಂದು ತಾವೇ ತೊಟ್ಟು ನೋಡುತ್ತಿದ್ದ ಅಪ್ಪ, ಮಾತಿನ ನಡುವೆಯೇ ಹೊಲಿಗೆ ಯಂತ್ರದ ಪಕ್ಕ ಕುಸಿದುಬಿಟ್ಟಿದ್ದರು. ಉಸಿರಿಲ್ಲ!

“ಒತ್ತುತ್ತಿದೀರಾ?”

“ಗುಂಡಿ... ಗುಂಡಿ ಬಿಚ್ತಾ ಇದೀನಿ...”

ಕತ್ತರಿ ಕೈಗೆಟುಕುವಂತೆಯೇ ಇತ್ತು. ಆದರೆ ‘ಗಿರಾಕಿ ಬಟ್ಟೆಗೆ ತಪ್ಪು ಕತ್ತರಿ ಬಿದ್ರೆ ಅನ್ನ ಹುಟ್ಟಲ್ಲ ಮಗಳೇ’ ಎಂದು ಕಲಿಸಿದವರು ಅಪ್ಪನೇ ಅಲ್ಲವೇ? ಅವಳು ಒಂದೊಂದೇ ಗುಂಡಿ ಬಿಚ್ಚುತ್ತಾ ಹೋದಳು.

ಅತ್ತ ಕಡೆ ಒಂದು ಗಳಿಗೆ ಮೌನ.

“ಬಟ್ಟೆ ಬಿಡಿ! ಅದರ ಮೇಲೇ ಒತ್ತಿ, ಎದೆಯ ನಡುವೆ, ಜೋರಾಗಿ!”

“ನಾನು ಟೈಲರ್ ಕಣ್ರೀ, ಡಾಕ್ಟರಲ್ಲ!”

“ಹಾಗಾದ್ರೆ ಮೆಷಿನ್ ತುಳಿಯೋ ಲಯದಲ್ಲೇ ಒತ್ತಿ. ನಿಲ್ಲಿಸಬೇಡಿ. ನಾನಿದೀನಿ.”

ಕೈ ಸೋತರೂ ಒತ್ತಿದಳು. ಆಂಬುಲೆನ್ಸಿನವರು ಬಂದು, ಕೋಟನ್ನು ಸರ್ರನೆ ಕತ್ತರಿಸಿ ಶಾಕ್ ಕೊಟ್ಟರು. ಅವಳು ಫೋನಿನತ್ತ ತಿರುಗಿದಾಗ ಅದು ಕಟ್ಟಾಗಿತ್ತು. ನಾನಿದೀನಿ ಅಂದವನು ಇರಲಿಲ್ಲ!

“ಬಿದ್ದಾಗ ನೀವು ಜೊತೆಗಿದ್ರಿ, ಒತ್ತಿದ್ರಿ, ಶಾಕೂ ಬೇಗ ಸಿಕ್ತು. ಎಲ್ಲ ಒಳ್ಳೇದೇ,” ಎಂದರು ಆಸ್ಪತ್ರೆಯ ಡಾಕ್ಟರ್. “ಆದ್ರೆ ಮೆದುಳಿಗೆ ಎಷ್ಟು ಹೊತ್ತು ರಕ್ತ ಹೋಗಿಲ್ವೋ... ಕಾಯೋಣಮ್ಮ.”

ಎಷ್ಟು ಹೊತ್ತು? ನಾನು ಬಿಚ್ಚಿದ ಗುಂಡಿಗಳಷ್ಟು ಹೊತ್ತು...

ಗಾಜಿನಾಚೆ ಅಪ್ಪನ ಬಾಯಿಗೆ ಕೊಳವೆ. ಈಚೆ ಅವಳು, ಮಾಡಲು ಏನೂ ಇಲ್ಲದ ಎರಡು ಕೈಗಳೊಂದಿಗೆ. ಸಂಜೆಯಾದರೆ ಸಾಕು, ಒಬ್ಬ ಯುವಕ ಬಂದು ಕಂಬದ ಪಕ್ಕ ನಿಲ್ಲುತ್ತಿದ್ದ. ನೋಡುತ್ತಿದ್ದ, ಮಾತಿಲ್ಲದೆ ಹೋಗುತ್ತಿದ್ದ. ಕೋಟಿನ ಗಿರಾಕಿಯೇ ಇರಬೇಕು!

ಮೂರನೆಯ ಸಂಜೆ ಅವಳ ತಾಳ್ಮೆ ಹರಿಯಿತು.

“ನಿಮ್ಮ ಕೋಟು ಚಿಂದಿಯಾಗಿದೆ ಸ್ವಾಮಿ! ಮನುಷ್ಯನ ಜೀವಕ್ಕಿಂತ ಅದೇ ಹೆಚ್ಚಾಯ್ತಾ?”

“ಕೋಟಾ? ನಂಗ್ಯಾಕ್ರೀ...” ಅವನು ತಡವರಿಸಿದ. “ಅಪ್ಪ ಹೇಗಿದ್ದಾರೆ?”

ಆ ದನಿ! ಅಂದು ಫೋನಿನಲ್ಲಿ ಗದರಿದ್ದ ಅದೇ ದನಿ!

“ನೀವು... ಫೋನ್ ಇಟ್ಟುಬಿಟ್ರಿ!”

“ಆಂಬುಲೆನ್ಸ್ ತಲುಪಿದ್ರೆ ಮುಂದಿನ ಕರೆ ತಗೋಬೇಕು, ಅದೇ ನಿಯಮ. ಯಾರು ಉಳಿದ್ರು, ಯಾರು ಹೋದ್ರು, ನಮಗೆ ಗೊತ್ತೇ ಆಗಲ್ಲ. ಈ ಸಲ ಮಾತ್ರ ಇರೋಕಾಗ್ಲಿಲ್ಲ, ಯಾವ ಆಸ್ಪತ್ರೆ ಅಂತ ಕೇಳ್ಕೊಂಡು ಬಂದೆ.”

“ಗುಂಡಿ ಬಿಚ್ತಾ ಕೂತಿದ್ದು ನಾನು...”

“ಬಟ್ಟೆ ಮೇಲೇ ಒತ್ತಿ ಅಂತ ಮೊದಲೇ ಹೇಳಬೇಕಾದವನು ನಾನು! ಆ ಮೌನ ನಿಮ್ಮ ಮೇಲಿನ ಸಿಟ್ಟಲ್ಲ... ನನ್ನ ಭಯ. ಅದನ್ನ ಹೇಳೋಕೇ ದಿನಾ ಬರ್ತೀನಿ. ನಿಮ್ಮನ್ನ ನೋಡಿದ್ರೆ ಬಾಯಿ ಕಟ್ಟುತ್ತೆ.”

ಬಾಗಿಲು ತೆರೆಯಿತು. ನರ್ಸಕ್ಕ ಇಣುಕಿದರು.

“ಏನಮ್ಮಾ, ಬೆಳಿಗ್ಗೆ ಕೊಳವೆ ತೆಗೆದ ಮೇಲೆ ನಿಮ್ಮಪ್ಪ ಈಗಷ್ಟೇ ಬಾಯಿಬಿಟ್ರು. ಕೋಟೆಲ್ಲಿ ಅಂದ್ರು, ಆಂಬುಲೆನ್ಸಲ್ಲಿ ಬಂದವರು ಕತ್ತರಿಸಿದ್ರು ಅಂದೆ. ‘ಕೋಟು ಕತ್ತರಿಸಿದ ಕತ್ತೆ ಯಾರು’ ಅಂತಿದ್ದಾರೆ!”

ಅವಳು ಗೋಡೆಗೆ ಒರಗಿದಳು. ಇಷ್ಟು ದಿನ ಕಲ್ಲಾಗಿದ್ದ ಕಣ್ಣು...

“ಅಳೋದು ಆಮೇಲೆ ಅಂದಿದ್ರಲ್ಲ. ಈಗ ಅಳಬಹುದಾ?”

ಅವನು ಮೆಲ್ಲಗೆ ಅವಳ ಸೋತ ಕೈ ಹಿಡಿದ.

“ಅಳಿ. ಈ ಸಲ ಫೋನ್ ಇಡಲ್ಲ.”