ಒಂದು ಗೇಣು ಹೆಚ್ಚು

"ಮುಟ್ಟಬೇಡಿ!"

ಬಡಗಿಯ ಕೈ ಗಾಳಿಯಲ್ಲೇ ನಿಂತಿತು. ಮೇಜಿನ ಮೇಲೆ ಎಂಬತ್ತು ವರ್ಷ ಹಳೆಯ ಕರಪತ್ರಗಳು ಹರಡಿದ್ದವು. ಗ್ರಂಥಾಲಯದ ಈ ಅಪರೂಪದ ಸಂಗ್ರಹವನ್ನು ಮುಟ್ಟುವ ಅಧಿಕಾರ ಅದನ್ನು ನೋಡಿಕೊಳ್ಳುವ ಅವಳೊಬ್ಬಳಿಗೇ.

"ಸರಿ, ಮುಟ್ಟಲ್ಲ. ಉದ್ದಗಲ ನೀವೇ ಅಳೆದು ಹೇಳಿ. ಮೇಡಂ ಕಳಿಸಿದ್ದಾರೆ," ಅಂದ ನಗುತ್ತಾ.

ಅವಳು ಹಾಳೆಗಳನ್ನು ತನ್ನತ್ತ ಎಳೆದುಕೊಂಡಳು. ಯಾರೂ ನೋಡದ ಕಾಗದಗಳಿಗೆ ಇಷ್ಟು ದೊಡ್ಡ ಕೋಣೆ ಯಾಕೆ, ಜನ ಬರದಿದ್ದರೆ ಮುಚ್ಚಿಬಿಡೋಣ ಎಂದು ಆ ಮೇಡಂ, ಗ್ರಂಥಾಲಯದ ಮುಖ್ಯಸ್ಥೆ, ಹಿಂದಿನ ದಿನವಷ್ಟೇ ಅಂದಿದ್ದರು. ಅಂದರೆ... ಇವನು ಸಾಗಿಸುವ ಪೆಟ್ಟಿಗೆ ಮಾಡಲು ಬಂದವನು!

ಈ ಬೀದಿಯ ಜನ ಹೇಗೆ ಒಂದಾದರು ಎಂಬುದಕ್ಕೆ ಉಳಿದಿದ್ದು ಈ ಹಾಳೆಗಳಷ್ಟೇ. ಬಾವಿ ತೋಡಲು ಬನ್ನಿ. ಶಾಲೆಗೆ ಮನೆಗೊಂದು ಇಟ್ಟಿಗೆ ತನ್ನಿ. ಬೆಂಕಿ ಬಿದ್ದರೆ ಬಿಂದಿಗೆ ಹಿಡಿದು ಓಡಿಬನ್ನಿ. ಇವೆಲ್ಲ ಗೋದಾಮಿಗೆ ಹೋಗುವುದೇ?

ಪ್ರತಿ ಹಾಳೆಗೂ ಒಂದು ಗೇಣು ಸೇರಿಸಿ ಹೇಳಿದಳು. ಅಳತೆ ತಪ್ಪಿದ ಪೆಟ್ಟಿಗೆ ಮತ್ತೆ ಮಾಡುವಷ್ಟರಲ್ಲಿ ನಾಲ್ಕು ದಿನವಾದರೂ ಸಿಗುತ್ತದಲ್ಲ...

ಅವನು ಬರೆದುಕೊಂಡ. ಮತ್ತೆರಡು ಸಲ ಬಂದ. ಬಂದಾಗಲೆಲ್ಲ ಒಂದು ಕರಪತ್ರ ಓದಿಸಿಕೊಂಡೇ ಹೋದ. ಓದುತ್ತಾ ತಾನು ನಗುತ್ತಿದ್ದೇನೆಂದು ತಿಳಿದು ಅವಳಿಗೆ ಕೋಪ ಬಂತು, ತನ್ನ ಮೇಲೆಯೇ.

ವಾರದ ಬಳಿಕ ಅವನು ತಂದದ್ದು ಗಾಜಿನ ಮುಚ್ಚಳದ ಪ್ರದರ್ಶನ ಪೆಟ್ಟಿಗೆಗಳನ್ನು! ಅಂದೇ ಸಂಜೆ ಕೋಣೆಯನ್ನು ಬೀದಿಯವರಿಗೆ ತೆರೆಯುವುದಂತೆ. ಜನ ಬಂದರೆ ಕೋಣೆ ಉಳಿಯುತ್ತದಂತೆ. ನಿನಗೆ ಹೇಳಲು ಮರೆತೆ ಎಂದರು ಮುಖ್ಯಸ್ಥೆ.

ಪೆಟ್ಟಿಗೆಗಳಲ್ಲಿಟ್ಟ ಹಾಳೆಗಳ ಸುತ್ತ ಖಾಲಿ ಖಾಲಿ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಅವಳಿಗೆ.

ಸಂಜೆ ಬಾವಿಯ ಕರಪತ್ರದ ಮುಂದೆ ಮೂಲೆಮನೆಯ ಅಜ್ಜಿ ನಿಂತುಬಿಟ್ಟಳು. ಆ ಬಾವಿ ತೋಡಿದವರಲ್ಲಿ ನನ್ನ ಅಪ್ಪನೂ ಇದ್ದ, ಅವನ ಪಟ ತರ್ತೀನಿ, ಪಕ್ಕದಲ್ಲಿ ಜಾಗ ಇದೆಯಲ್ಲ, ಅಲ್ಲಿಡು ಮಗಳೇ ಅಂದಳು. ಅಜ್ಜಿಯ ಹಿಂದೆ ಇನ್ನೊಬ್ಬರು, ಮತ್ತೊಬ್ಬರು... ಮನೆಗಳಿಗೆ ಓಡಿ ಪಟಗಳನ್ನು ತಂದರು. ಖಾಲಿ ಜಾಗವೆಲ್ಲ ತುಂಬಿತು. ಮುಚ್ಚುವ ಮಾತನ್ನು ಮುಖ್ಯಸ್ಥೆ ಅಲ್ಲೇ ನುಂಗಿಕೊಂಡರು.

ಜನ ಕರಗಿದ ಮೇಲೆ ಅವಳು ಬಡಗಿಯ ಬಳಿ ಬಂದಳು.

"ನಾನು ಸುಳ್ಳು ಅಳತೆ ಕೊಟ್ಟಿದ್ದೆ. ನಿಮ್ಮ ಕೆಲಸ ಕೆಡಿಸೋಕೆ."

"ಗೊತ್ತಿತ್ತು. ಹಾಳೆ ಎದುರಿಗೇ ಇತ್ತು, ನನಗೇನು ಕಣ್ಣಿಲ್ವಾ?"

"ಮತ್ತೆ ಯಾಕೆ ಹಾಗೇ ಮಾಡಿದ್ರಿ?"

"ದೊಡ್ಡದನ್ನ ಚಿಕ್ಕದು ಮಾಡಬಹುದು. ಆ ನೆಪದಲ್ಲಿ ಇನ್ನೊಂದು ಸಲ ಬರಬಹುದು ಅಂತ..." ಅವನ ಕಿವಿ ಕೆಂಪಾಯಿತು. "ಈಗ ಆ ನೆಪವೂ ಹೋಯ್ತು."

ಅವಳಿಗೆ ನಗು ತಡೆಯಲಾಗಲಿಲ್ಲ. ತಡೆಯಬೇಕೆಂದೂ ಅನ್ನಿಸಲಿಲ್ಲ.

"ನಾಳೆ ಸುಮ್ನೆ ಬನ್ನಿ."

"ಯಾಕೆ ಬಂದೆ ಅಂತ ಮೇಡಂ ಕೇಳಿದ್ರೆ?"

"ನನ್ನನ್ನ ನೋಡೋಕೆ ಬಂದಿದ್ದಾರೆ ಅಂತ ನಾನೇ ಹೇಳ್ತೀನಿ."